ಮನೆಯವರ ಸಹಿ

ಮುನಿರಾಜು ಕ್ವಾರ್ಟರ್ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಂತೆ ತಮಟೆಯವರು ಬಾರಿಸುವುದನ್ನು ನಿಲ್ಲಿಸಿದರು. ನಗರ್ತಪೇಟೆಯ ಆ ಗಲ್ಲಿಯಲ್ಲಿ ಶಾಮಿಯಾನ ಹಾಕಿದ ಮೇಲೆ ಒಂದು ಸ್ಕೂಟರ್ ದಾಟುವಷ್ಟು ಜಾಗವೂ ಉಳಿದಿರಲಿಲ್ಲ. ನಡುವೆ ಬೆಂಚಿನ ಮೇಲೆ ಅವನ ಅಣ್ಣ ಮುನಿಕೃಷ್ಣನನ್ನು ಮಲಗಿಸಿದ್ದರು. ಹಣೆಯ ಮೇಲೊಂದು ನಾಣ್ಯ, ಗದ್ದದಿಂದ ನೆತ್ತಿಗೆ ಬಿಗಿದು ಕಟ್ಟಿದ ಬಿಳಿ ಬಟ್ಟೆ, ಕೊರಳಲ್ಲಿ ಎರಡು ಹಾರ.

“ಬಟ್ಟೆ ಸ್ವಲ್ಪ ಸಡಿಲ ಮಾಡಮ್ಮ ತೇಜು,” ಎಂದ ಮುನಿರಾಜು. “ಎರಡು ತೊಟ್ಟು ಬಿಡ್ತೀನಿ. ಪಾಪ, ಅಷ್ಟು ಇಷ್ಟಪಡ್ತಿದ್ದ. ಬರಿಬಾಯಲ್ಲಿ ಕಳ್ಸೋಕಾಗುತ್ತಾ?”

ಮುನಿರಾಜು ಕೆಟ್ಟವನಲ್ಲ. ಬನಶಂಕರಿ ಕಡೆ ಮನೆ ಮಾಡಿಕೊಂಡು ಹತ್ತು ವರ್ಷವಾಗಿತ್ತು, ಅಣ್ಣನನ್ನು ನೋಡುತ್ತಿದ್ದುದು ಹಬ್ಬಕ್ಕೊಮ್ಮೆ. ಆದರೂ ಸುದ್ದಿ ತಿಳಿದದ್ದೇ ಶಾಮಿಯಾನದಿಂದ ಹಿಡಿದು ಚಾಮರಾಜಪೇಟೆ ಸ್ಮಶಾನದ ಗುಂಡಿಯವರೆಗೆ ಎಲ್ಲಕ್ಕೂ ಅವನೇ ಓಡಾಡಿದ್ದ. ಸತ್ತವರ ಜೊತೆ ಅವರಿಗೆ ಇಷ್ಟವಾದದ್ದನ್ನು ಕಳಿಸುವುದು ಅವರ ಮನೆಯಲ್ಲಿ ನಡೆದುಬಂದ ಪದ್ಧತಿ. ಅಜ್ಜಿಗೆ ಎಲೆಅಡಿಕೆ ಇಟ್ಟಿದ್ದರು, ಅತ್ತಿಗೆ ಶಶಿರೇಖಾಗೆ ಮೈಸೂರುಪಾಕು. ಮುನಿಕೃಷ್ಣನಿಗೆ ಏನು ಇಷ್ಟವೆಂದು ಗಲ್ಲಿಯಲ್ಲಿ ಯಾರನ್ನು ಕೇಳಿದ್ದರೂ ಈ ಬಾಟಲಿಯನ್ನೇ ತೋರಿಸುತ್ತಿದ್ದರು.

ತೇಜಸ್ವಿನಿ ಅಪ್ಪನ ತಲೆಯ ಬಳಿ ಕೂತಿದ್ದಳು. ಅವಳ ಕಣ್ಣು ಬಾಟಲಿಯ ಮೇಲಿರಲಿಲ್ಲ. ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಳೇಪೇಟೆಯ ಬಳೆ ಅಂಗಡಿಯ ಕೈಲಾಸ್ ತಲೆ ತಗ್ಗಿಸಿ ಕೂತಿದ್ದರು. ನಿನ್ನೆ ಬೆಳಿಗ್ಗೆ ಅವರು ಫೋನ್ ಮಾಡಿದಾಗ ತಾನು ಏನು ಹೇಳಿದೆ ಎಂಬುದು ಅವರಿಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಎಲ್ಲಿ ಬಾಯಿಬಿಟ್ಟಾರೋ ಎಂಬ ಭಯಕ್ಕೆ ಅವಳಿಗೆ ನೆಟ್ಟಗೆ ಅಳಲೂ ಆಗಿರಲಿಲ್ಲ.

*

ನಿನ್ನೆ ಒಂಬತ್ತೂವರೆಗೆ ಅವಳು ಸಂಪಿಗೆ ರಸ್ತೆಯಲ್ಲಿ, ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ, ಗಾಜು ಒರೆಸುತ್ತಿದ್ದಳು.

“ತೇಜಸ್ವಿನಿ, ನಿಮ್ಮಪ್ಪ ನಮ್ಮಂಗ್ಡಿ ಮುಂದೆ ಬಿದ್ದಿದಾರೆ ಕಣಮ್ಮ. ಸೊಪ್ಪಿನ ಬುಟ್ಟಿ ಪೂರ್ತಿ ಚೆಲ್ಲೋಗಿದೆ. ಮಾತು ತೊದಲ್ತಿದೆ. ಈಚೆಗೆ ಅವ್ರು ಕುಡ್ದಿದ್ದು ನಾನ್ ನೋಡಿಲ್ಲ, ಅದಕ್ಕೇ ಕೇಳ್ದೆ. ಆಸ್ಪತ್ರೆಗೇನಾದ್ರೂ ಕರ್ಕೊಂಡು…”

“ನಿಮ್ಗಿದು ಹೊಸದಾ ಅಂಕಲ್?” ಅವಳ ಒಂದು ಕೈಯಲ್ಲಿ ಇನ್ನೂ ಒರೆಸುವ ಬಟ್ಟೆಯಿತ್ತು. “ಯಾರೂ ಎತ್ತಬೇಡಿ, ಬಿಟ್ಬಿಡಿ. ಅವ್ರೇ ಎದ್ದು ಹೋಗ್ತಾರೆ.”

ಎತ್ತಬೇಡಿ ಎಂಬುದು ಅವಳ ಸ್ವಂತ ಮಾತಲ್ಲ. ಏಳು ವರ್ಷದ ಹಿಂದೆ ಅಮ್ಮ ಬದುಕಿದ್ದಾಗ, ಅಪ್ಪ ಮೂರನೇ ಸಲ ಸರ್ಕಾರಿ ಆಸ್ಪತ್ರೆಯ ಕುಡಿತ ಬಿಡಿಸುವ ವಾರ್ಡು ಸೇರಿದಾಗ, ಮನೆಯವರನ್ನೆಲ್ಲ ಕೂರಿಸಿ ಅಲ್ಲಿನ ಕೌನ್ಸೆಲರ್ ಮೇಡಂ ಹೇಳಿದ್ದು. “ಅವ್ರು ಬಿದ್ದಾಗೆಲ್ಲ ನೀವು ಎತ್ತಬೇಡಿ. ಅವ್ರ ಪರವಾಗಿ ಸುಳ್ಳು ಹೇಳೋದು, ಅವ್ರ ಸಾಲ ತೀರ್ಸೋದು ನಿಲ್ಸಿ. ಬಿದ್ದಿದೀನಿ ಅಂತ ಅವ್ರಿಗೇ ಗೊತ್ತಾಗ್ಲಿ.” ಒಳ್ಳೆಯ ಮಾತೇ. ಶಶಿರೇಖಾ ತಲೆಯಾಡಿಸಿ ಕೇಳಿಕೊಂಡು ಬಂದು, ತಾನು ಸಾಯುವವರೆಗೂ ಗಂಡನನ್ನು ಚರಂಡಿ ಪಕ್ಕದಿಂದ, ಬಾರಿನ ಬಾಗಿಲಿಂದ ಎತ್ತಿ ತರುತ್ತಲೇ ಇದ್ದಳು. ಮಗಳು ಮಾತ್ರ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಮ್ಮ ಹೋದ ಮೇಲೆ ಮಲ್ಲೇಶ್ವರದ ಪೀಜಿ ಸೇರಿ, ಅಪ್ಪನ ಕಡೆ ತಿರುಗಿ ನೋಡುವುದನ್ನೂ ಬಿಟ್ಟಳು.

ಮಗಳೇ ಹೇಳಿದ ಮೇಲೆ ಕೈಲಾಸ್ ಇನ್ನೇನು ಮಾಡಿಯಾರು? ಮುನಿಕೃಷ್ಣನನ್ನು ನೆರಳಿಗೆ ಸರಿಸಿ, ತಲೆಯ ಕೆಳಗೆ ಗೋಣಿಚೀಲ ಮಡಿಸಿಟ್ಟು ವ್ಯಾಪಾರಕ್ಕೆ ಕೂತರು. ಹನ್ನೊಂದೂವರೆಗೆ ಹೋಗಿ ಅಲ್ಲಾಡಿಸಿದರೆ ಆಳು ಮಿಸುಕಲಿಲ್ಲ. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಮಿದುಳಲ್ಲಿ ರಕ್ತನಾಳ ಒಡೆದಿದೆ, ಬೇಗ ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು.

“ಕುಡೀತಿದ್ರಾ?” ಎಂದೂ ಕೇಳಿದರು.

“ಹೌದು,” ಎಂದಿದ್ದಳು ಓಡಿಬಂದು ನಿಂತಿದ್ದ ತೇಜಸ್ವಿನಿ. ಅವರು ಹಾಗೆಯೇ ಬರೆದುಕೊಂಡರು.

*

ತೇಜಸ್ವಿನಿಯ ಕೈ ಬಟ್ಟೆಯ ಗಂಟಿನ ಮೇಲಿತ್ತು. ಮುನಿರಾಜು ಬಾಟಲಿಯನ್ನು ಬಗ್ಗಿಸಿದ. ಅಷ್ಟರಲ್ಲಿ ಜನರ ಹಿಂದಿನಿಂದ ಯಾರೋ ಕಿರುಚಿದರು.

“ಏಯ್, ಬ್ಯಾಡ! ಹಾಕ್ಬ್ಯಾಡ! ಕುಡಿತ ಬಿಡೋ ಮಾತ್ರೆ ತಗೋತಿದಾನೆ ಅವ್ನು! ಒಂದ್ ತೊಟ್ಟು ಬಿದ್ರೂ ತಡಿಯಕ್ಕಾಗಲ್ಲ, ಜೀವ ಹೋಗ್ಬಿಡ್ತದೆ!”

ತಮಟೆಯವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಅರವತ್ತು ದಾಟಿದ ಹೆಂಗಸೊಬ್ಬಳು ಸೊಂಟದ ಮೇಲೆ ಹೂವಿನ ಬುಟ್ಟಿ ಇಟ್ಟುಕೊಂಡು ಜನರನ್ನು ತಳ್ಳಿಕೊಂಡು ಬಂದಳು. ಬಂದವಳೇ ಮುನಿರಾಜುವಿನ ಮಣಿಕಟ್ಟು ಹಿಡಿದಳು. ಆಮೇಲೆ ಬೆಂಚಿನ ಮೇಲಿನ ಮುಖವನ್ನು ನೋಡಿದಳು, ಹಣೆಯ ನಾಣ್ಯವನ್ನು ನೋಡಿದಳು. ಹಿಡಿದಿದ್ದ ಕೈಯನ್ನು ಮೆಲ್ಲಗೆ ಬಿಟ್ಟು ಅಲ್ಲೇ ನೆಲದ ಮೇಲೆ ಕೂತಳು.

“ಮರ್ತೇಬಿಟ್ಟೆ ಕಣಪ್ಪ,” ಎಂದಳು. “ದಿನಾ ಹೇಳೀ ಹೇಳೀ ಬಾಯಿಗೆ ಬಂದ್ಬಿಡ್ತು.”

“ಯಾರಮ್ಮ ನೀವು?” ಎಂದ ಮುನಿರಾಜು.

“ಬಸವಮ್ಮ. ಬಳೇಪೇಟೆ ಸರ್ಕಲ್‌ನಾಗೆ ಹೂವು ಮಾರ್ತೀನಿ. ಹೋದ್ ವರ್ಷ ಕುಡಿತ ಬಿಡಿಸೋ ವಾರ್ಡ್‌ನಾಗೆ ಇವ್ನೂ ನನ್ ಮಗನೂ ಅಕ್ಕಪಕ್ಕದ ಮಂಚ. ನನ್ ಮಗ ನಾಕನೇ ದಿನಕ್ಕೆ ಗೋಡೆ ಹಾರಿ ಹೋದೋನು ಇವತ್ತಿಗೂ ಬರ್ಲಿಲ್ಲ. ಇವ್ನ ಜೊತೆ ಮನೆಯವ್ರು ಯಾರೂ ಇಲ್ಲ, ಇಟ್ಕೊಳ್ಳೋಕಾಗಲ್ಲ ಅಂತಿದ್ರು. ನಾನೇ ಇವ್ನ ಅಕ್ಕ ಅಂತ ಬರೆಸ್ಬಿಟ್ಟೆ.”

*

ಹದಿನಾಲ್ಕು ತಿಂಗಳ ಹಿಂದೆ ಅಪ್ಪ ಕನ್ನಡಕದ ಅಂಗಡಿಯ ಮುಂದೆ ಬಂದು ನಿಂತಿದ್ದ. ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಒಳಗೆ ಕಾಲಿಡಲಿಲ್ಲ. ಕೈಯಲ್ಲಿ ಒಂದು ಫಾರಂ ಇತ್ತು, ಇನ್ನೊಂದು ಕೈಯಲ್ಲಿ ಒಂದು ಕಟ್ಟು ದಂಟಿನ ಸೊಪ್ಪು.

“ಈ ಸಲ ನಾನಾಗೇ ಹೋಗ್ತಿದೀನಿ ತೇಜು. ಎಲ್ಲಾ ಸರ್ಕಾರದ್ದೇ, ಖರ್ಚಿಲ್ಲ. ಆದ್ರೆ ಜೊತೇಲಿ ಮನೆಯವರು ಒಬ್ರು ಇರ್ಬೇಕಂತೆ. ಆಮೇಲೂ ದಿನಾ ಮಾತ್ರೆ ಮನೆಯವರೇ ಹಾಕಿ, ನುಂಗಿದ್ದು ನೋಡಿ, ಕಾರ್ಡಲ್ಲಿ ಸಹಿ ಮಾಡ್ಬೇಕಂತೆ.”

“ನಿನ್ ಮನೆಯವರು ಸತ್ತು ಎರಡು ವರ್ಷ ಆಯ್ತಪ್ಪ,” ಎಂದಿದ್ದಳು.

ಅವನು ತಪ್ಪು ಲೆಕ್ಕ ಹೇಳಿ ಸಿಕ್ಕಿಬಿದ್ದವನ ಹಾಗೆ ತಲೆಯಾಡಿಸಿದ. ಫಾರಂ ಮಡಿಸಿ ಜೇಬಿಗಿಟ್ಟುಕೊಂಡ. ಸೊಪ್ಪನ್ನು ಮೆಟ್ಟಿಲ ಮೇಲಿಟ್ಟು ಹೋದ.

*

ಬಸವಮ್ಮ ಬುಟ್ಟಿಯ ಕನಕಾಂಬರದ ಕೆಳಗಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದಳು. ಒಳಗೆ ಮಾತ್ರೆಯ ಹಾಳೆ, ರಬ್ಬರ್ ಬ್ಯಾಂಡು ಹಾಕಿದ ಒಂದಷ್ಟು ಕಾರ್ಡು. ಒಂದು ಸಾಲಿನಲ್ಲಿ ತಾರೀಕು, ಪಕ್ಕದಲ್ಲಿ ‘ಮನೆಯವರ ಸಹಿ’ ಎಂದು ಅಚ್ಚಾಗಿತ್ತು. ಅದರ ಕೆಳಗೆ ಉದ್ದಕ್ಕೂ ಕೆಂಪು ಹೆಬ್ಬೆಟ್ಟುಗಳು.

“ಓದು ಬರಹ ಬರಾಕಿಲ್ಲ ನಂಗೆ. ಇಂಕು ಎಲ್ಲಿ ತರ್ಲಿ? ಪೂಜೆ ಕುಂಕುಮದಾಗೆ ಒತ್ತಿದೀನಿ. ದಿನಾ ಹತ್ತು ಗಂಟೆಗೆ ಬರೋನು. ಮಾತ್ರೆ ಹಾಕಿ, ನಾಲಗೆ ಎತ್ತಿಸಿ ನೋಡಿ ಕಳಿಸ್ತಿದ್ದೆ. ಮಗಳಿಗೆ ತೋರ್ಸು ಹೋಗೋ ಅಂತ ಎಷ್ಟು ಸಲ ಅಂದೆ! ಮೂರು ಸಲ ಮಾತು ತಪ್ಪಿದೀನಿ ಅಕ್ಕಾ, ಎರಡು ವರ್ಷ ತುಂಬ್ಲಿ, ಆಗ ಹೋಗ್ತೀನಿ ಅನ್ನೋನು. ನಿನ್ನೆ ಬರ್ಲಿಲ್ಲ. ಕುಡಿಯಾಕೆ ಹೋದ್ನೇನೋ ಅಂತ ನಾನೂ ಬಾಯಿಗೆ ಬಂದಂಗೆ ಬೈದೆ.”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತೇಜಸ್ವಿನಿ ಕಾರ್ಡುಗಳನ್ನು ಒಂದೊಂದಾಗಿ ತಿರುವಿದಳು. ಯುಗಾದಿಯ ದಿನ ಹೆಬ್ಬೆಟ್ಟು ಇತ್ತು. ಅಮ್ಮನ ತಿಥಿಯ ದಿನ ಇತ್ತು. ಅಪ್ಪ ಅಂದು ಫೋನ್ ಮಾಡಿದ್ದ, ಅವಳು ಎತ್ತಿರಲಿಲ್ಲ. ಮೊನ್ನೆಯದೂ ಇತ್ತು. ನಿನ್ನೆಯ ಮನೆ ಖಾಲಿ.

ಮುನಿರಾಜು ಕೈಲಾಸ್ ಕಡೆ ತಿರುಗಿದ. ಅವನ ಮುಖ ಕೆಂಪಾಗಿತ್ತು.

“ಕುಡಿದೇ ಇರ್ಲಿಲ್ಲ ಅಂದ್ರೆ ಎರಡು ಗಂಟೆ ಹೊತ್ತು ಬೀದೀಲಿ ಯಾಕೆ ಬಿಟ್ರಿ ಸ್ವಾಮಿ ನಮ್ಮಣ್ಣನ್ನ? ಒಂದು ಫೋನ್ ಮಾಡೋಕಾಗ್ಲಿಲ್ವಾ?”

ಕೈಲಾಸ್ ತಲೆಯೆತ್ತಿ ತೇಜಸ್ವಿನಿಯನ್ನು ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

“ಮಾಡ್ದೆ. ಲೈನ್ ಸಿಗ್ಲಿಲ್ಲ,” ಎಂದರು. “ತಪ್ಪು ನಂದೇ.”

ನಿನ್ನೆಯಿಂದ ಅವಳು ಬೇಡಿಕೊಂಡಿದ್ದು ಇದನ್ನೇ. ಸುಮ್ಮನಿದ್ದರೆ ಸಾಕಿತ್ತು. ಇನ್ನು ಜನ್ಮದಲ್ಲಿ ಯಾರೂ ಕೇಳುತ್ತಿರಲಿಲ್ಲ. ಅವಳ ಬೆರಳಿಗೆ ಕುಂಕುಮ ಹತ್ತಿತ್ತು.

“ಸಿಕ್ತು ಚಿಕ್ಕಪ್ಪ,” ಎಂದಳು. “ಅಂಕಲ್ ಆಸ್ಪತ್ರೆಗೆ ಕರ್ಕೊಂಡು ಹೋಗ್ಲಾ ಅಂತ್ಲೇ ಕೇಳಿದ್ರು. ನಾನೇ ಎತ್ತಬೇಡಿ ಅಂದೆ. ನಾನೇ.”

ಆಗ ಅಳು ಬಂತು. ಎರಡು ದಿನದ್ದಲ್ಲ, ಮೂರು ವರ್ಷದ್ದು. ಅಪ್ಪನ ತೋಳಿನ ಮೇಲೆ ಹಣೆ ಇಟ್ಟು ಅತ್ತಳು. ಮುನಿರಾಜು ಮುಚ್ಚಳ ತಿರುಗಿಸಿ ಬಾಟಲಿಯನ್ನು ಜೇಬಿಗಿಟ್ಟುಕೊಂಡ, ಅಲ್ಲಿರುವುದೂ ಸರಿಯಲ್ಲವೆನಿಸಿ ಹೊರತೆಗೆದು, ಗಲ್ಲಿಯ ಮೋರಿಗೆ ಪೂರ್ತಿ ಸುರಿದು ಬಂದ.

ಹೊತ್ತಾಗುತ್ತಿದೆ ಎಂದು ಯಾರೋ ಬಾಯಿಗಕ್ಕಿಯ ತಟ್ಟೆ ಮುಂದೆ ತಂದರು. ಮುನಿರಾಜು ಕೈ ಚಾಚಿದ. ಬಸವಮ್ಮ ಅವನನ್ನು ತಡೆದು, ತಟ್ಟೆಯನ್ನು ತೇಜಸ್ವಿನಿಯ ಮುಂದೆ ಹಿಡಿದಳು.

“ಮೊದ್ಲು ನೀ ಹಾಕವ್ವ. ಮನೆಯವ್ರೇ ಹಾಕ್ಬೇಕು.”

ತೇಜಸ್ವಿನಿ ನೆತ್ತಿಯ ಮೇಲಿನ ಗಂಟನ್ನು ಬಿಚ್ಚಿದಳು. ಗದ್ದ ಕೆಳಗೆ ಜಾರಿ ಅಪ್ಪನ ಬಾಯಿ ತೆರೆಯಿತು. ನಾಲ್ಕು ಕಾಳು ಅಕ್ಕಿಯನ್ನು ನಾಲಗೆಯ ಮೇಲಿಟ್ಟಳು.

ಬಸವಮ್ಮ ಬಗ್ಗಿ ಎರಡು ಬೆರಳಲ್ಲಿ ಅವನ ಗದ್ದ ಹಿಡಿದಳು.

“ಎಲ್ಲಿ, ನಾಲಗೆ ಎತ್ತಪ್ಪ. ನೋಡಾಣ.”

ಈ ಸಲ ಯಾರೂ ನಗಲಿಲ್ಲ. ತೇಜಸ್ವಿನಿಯೂ ಬಗ್ಗಿ ನೋಡಿದಳು. ಕಾಳುಗಳು ಹಾಕಿದಲ್ಲೇ ಇದ್ದವು.