ಬಾಣಂತಿ ವಾರ್ಡಿನ ಹೊಸ ಬೇಸಿನ್

ಹೆರಿಗೆಯಾದರೂ ಮಾಸು ಬೀಳದೆ ಬಸ್ ಕಂಡಕ್ಟರಮ್ಮನಿಗೆ ವಿಪರೀತ ರಕ್ತ ಹೋಗಿತ್ತು. ಡಾಕ್ಟರಮ್ಮ ಒಳಗೆ ಕೈ ಹಾಕಿ ಮಾಸು ತೆಗೆದು, ರಕ್ತ ನಿಲ್ಲಿಸಿ, ನಂಜಾಗದಿರಲೆಂದು ಇಂಜೆಕ್ಷನ್ನೂ ಕೊಟ್ಟಿದ್ದರು.

"ಗರ್ಭದೊಳಗೆ ಕೈ ಹೋಗಿದೆ ನೋಡು, ಹುಷಾರಾಗಿರ್ಬೇಕು. ಕೈ ತೊಳೀದೆ ಯಾರೂ ನಿನ್ನನ್ನೂ ಕೂಸನ್ನೂ ಮುಟ್ಟಬಾರದು. ಮೈ ಬಿಸಿಯಾದ್ರೆ, ಹೊಟ್ಟೆ ನೋವು ಜಾಸ್ತಿಯಾದ್ರೆ, ಕೆಟ್ಟ ವಾಸನೆ ಬಂದ್ರೆ ತಕ್ಷಣ ಹೇಳು. ನಾಚ್ಕೋಬೇಡ," ಎಂದೂ ಹೇಳಿದ್ದರು.

ಮಂಚದ ಎದುರಿಗೇ ಹೊಸ ಬೇಸಿನ್ ಪಳಪಳ ಹೊಳೆಯುತ್ತಿತ್ತು. ಆದರೆ ಅದಕ್ಕೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿದ್ದರು. ಅತ್ತೆ ಸೋಪು ಹಿಡಿದು ಅತ್ತ ಹೆಜ್ಜೆ ಇಟ್ಟದ್ದೇ ತಡ, ಸೂಪರಿಂಟೆಂಡೆಂಟರು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರು.

"ಮುಟ್ಬೇಡಿ ತಾಯಿ! ದೊಡ್ಡ ಸಾಹೇಬ್ರು ಉದ್ಘಾಟನೆ ಮಾಡ್ಬೇಕು."

"ಅಲ್ಲೀವರೆಗೆ ನಂಜು ಕಾಯುತ್ತಾ?"

"ಹಿತ್ತಲಲ್ಲಿ ನಲ್ಲಿ ಇದೆಯಲ್ಲ!"

ಅತ್ತೆ ಗೊಣಗುತ್ತಲೇ ಹಿತ್ತಲಿಗೂ ವಾರ್ಡಿಗೂ ಅಲೆದರು. ಕೊನೆಗೆ ಬೇಸತ್ತು ಒಂದು ಬಕೆಟ್ ನೀರು ತಂದು ಮಂಚದ ಪಕ್ಕ ಇಟ್ಟುಕೊಂಡರು.

ಮಧ್ಯಾಹ್ನ ಸಾಹೇಬರು ಬಂದರು. ಬೆನ್ನ ಹಿಂದೆ ಪತ್ರಿಕೆಯವರೂ ಸೇರಿದಂತೆ ಬೂಟುಗಾಲಿನ ದೊಡ್ಡ ದಂಡು. ಶುಚಿತ್ವದ ಬಗ್ಗೆ ಭಾಷಣ ಬಿಗಿದು, ನಡುವೆ ಅಂಗೈಗೆ ಕೆಮ್ಮಿ, ಅದೇ ಕೈಯಿಂದ ರಿಬ್ಬನ್ ಕತ್ತರಿಸಿದರು. ನಲ್ಲಿ ತಿರುಗಿಸಿದರೆ ಅದು ಒಮ್ಮೆ ಗೊರಗೊರ ಎಂದು ಸುಮ್ಮನಾಯಿತು. ಪೈಪು ಜೋಡಿಸುವುದು ಯೋಜನೆಯ ಮುಂದಿನ ಹಂತದಲ್ಲಿತ್ತಂತೆ. ಸಾಹೇಬರು ಎದೆಗುಂದಲಿಲ್ಲ. ಒಣಗೈಗಳನ್ನೇ ಉಜ್ಜಿ ಕ್ಯಾಮರಾಕ್ಕೆ ಹಲ್ಲು ಬಿಟ್ಟರು. ಚಪ್ಪಾಳೆಯೋ ಚಪ್ಪಾಳೆ.

"ಬಾಣಂತಿ ಜೊತೆ ಒಂದು ಫೋಟೊ ಸಾರ್!"

ಸಾಹೇಬರು ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದರು. ಕಂಡಕ್ಟರಮ್ಮನಿಗೆ ಎದ್ದು ಕೂರುವ ತ್ರಾಣವೂ ಇರಲಿಲ್ಲ. ಆದರೆ ತುಂಬಿದ ಬಸ್ಸಿನಲ್ಲಿ ವರ್ಷಗಟ್ಟಲೆ ಪಳಗಿದ ಗಂಟಲು ಎಲ್ಲಿಗೆ ಹೋದೀತು?

"ಹೋಲ್ಡಾನ್!"

ಇಡೀ ದಂಡು ಬ್ರೇಕು ಹಾಕಿದಂತೆ ನಿಂತಿತು.

"ಕೈ ತೊಳೀದೆ ಒಬ್ರೂ ಮುಂದೆ ಬರೋ ಹಾಗಿಲ್ಲ! ಸಾಹೇಬ್ರೇ, ನೀವೂ ಅಷ್ಟೇ. ಹಿಂದೆ ಸರೀರಿ, ಬಾಗಿಲು ಬಿಡಿ!"

ಸೂಪರಿಂಟೆಂಡೆಂಟರ ಮುಖ ಬಿಳಿಚಿತು. "ಜ್ವರ ತಲೆಗೇರಿರ್ಬೇಕು ಸಾರ್..."

ಡಾಕ್ಟರಮ್ಮ ಬಕೆಟ್ಟಿನ ನೀರಿನಲ್ಲಿ ಸೋಪು ಹಚ್ಚಿ ಕೈ ತೊಳೆದು ಬಂದು ಅವಳ ಹಣೆ ಮುಟ್ಟಿ ನೋಡಿದರು. "ಜ್ವರ ಇಲ್ಲ. ಅದು ಬರಬಾರದು ಅಂತಲೇ ಕೂಗ್ತಿದ್ದಾಳೆ."

ಪತ್ರಿಕೆಯವರು ಪೆನ್ನು ಹಿಡಿದು ನಿಂತಿದ್ದರು. ಸಾಹೇಬರು ತೆಪ್ಪಗೆ ಅಂಗಿಯ ತೋಳು ಮಡಚಿ ಬಗ್ಗಿದರು. ಅತ್ತೆ ಚೊಂಬಿನಿಂದ ನೀರು ಹುಯ್ಯುತ್ತ, "ಉಗುರಿನ ಸಂದೀನೂ ಉಜ್ಜಿ," ಎಂದರು. ಹಿಂದಿದ್ದವರಲ್ಲಿ ಅರ್ಧಕ್ಕರ್ಧ ಮಂದಿ ಮೆಲ್ಲಗೆ ಜಾಗ ಖಾಲಿ ಮಾಡಿದರು. ಸಾಹೇಬರು ಕೈ ಒರೆಸಿಕೊಂಡು ತಿರುಗುವಷ್ಟರಲ್ಲಿ ಕೂಸು ಅಮ್ಮನ ಎದೆಗೊರಗಿ ಹಾಲು ಕುಡಿಯುತ್ತಿತ್ತು.

"ಈಗ ಎತ್ತೋ ಹಾಗಿಲ್ಲ," ಎಂದರು ಅತ್ತೆ.

ಸಂಜೆಗೇ ಪ್ಲಂಬರ್ ಬಂದ. ಕಂಡಕ್ಟರಮ್ಮನಿಗೆ ಜ್ವರ ಬರಲಿಲ್ಲ, ನಂಜೂ ಆಗಲಿಲ್ಲ. ಕೆಲವು ದಿನ ಕಳೆದ ಮೇಲೆ ಗಂಡನ ತೋಳು ಹಿಡಿದು ಮೆಲ್ಲಗೆ ನಡೆದು ಮನೆಗೆ ಹೊರಟಳು. ಅತ್ತ ಸೂಪರಿಂಟೆಂಡೆಂಟರು, ನೀರು ಬಂದ ನಲ್ಲಿಗೆ ಇನ್ನೊಂದು ಉದ್ಘಾಟನೆ ಬೇಕೋ ಬೇಡವೋ ಎಂದು ಸಭೆ ಕರೆದಿದ್ದರು.