ಮಡಕೆ ಹೂಳುವ ಮುದುಕಿಯೂ ಸುರ್ಮಾ ಕಣ್ಣಿನ ಡ್ರೈವರನೂ

ಮುರುಗಲ ಹಣ್ಣು ಒಡೆದು, ಸಿಪ್ಪೆ ಒಂದು ಕಡೆ ಬೀಜ ಇನ್ನೊಂದು ಕಡೆ ಹಾಕುತ್ತ ಕೂತಿದ್ದೆ. ಅರ್ಧ ಬುಟ್ಟಿ ಮುಗಿದಿತ್ತು. ಕೈಯೆರಡೂ ಮೊಣಕೈವರೆಗೆ ಕೆಂಪಾಗಿದ್ದವು. ಅಷ್ಟರಲ್ಲಿ ಬೇಲಿ ದಾಟಿ ಬಷೀರ್ ಬಂದ. ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ಮೋಟಾರಿನ ಡ್ರೈವರ್ ಅವನು. ಅವನ ಮೂರು ಮಕ್ಕಳನ್ನು ಈ ಕೈಯೇ ಹಿಡಿದಿದೆ. ಕಂಕುಳಲ್ಲಿ ಹುಬ್ಬಳ್ಳಿಯ ಮಾಸಪತ್ರಿಕೆ ಇತ್ತು.

"ಅಜ್ಜೀ, ಪುಸ್ತಕ ಬಂತು. ಈ ತಿಂಗಳು ನಾನು ಎಷ್ಟು ಮಂದಿನ ಕೊಂದೆ, ಬೇಗ ಓದಿ ಹೇಳು."

"ತಡಿಯೋ ತಮ್ಮಾ. ನಾನು ಎಷ್ಟು ಮಕ್ಕಳ ರಕ್ತ ಕುಡಿದೆ, ಅದನ್ನ ಮೊದಲು ನೋಡ್ವ."

ಕೈ ಕೆಂಪಿದ್ದ ಕಾರಣ ಅವನೇ ಹಾಳೆ ತೆರೆದು ಹಿಡಿದ, ನಾನು ಓದಿದೆ. ಕತೆಯ ಹೆಸರು 'ಮಸಣದ ಮಡಕೆ', ಎರಡನೇ ಕಂತು. ಬರೆದವನು ನಮ್ಮೂರಿನ ಶಾಂತಾರಾಮ. ಈಗ ಯಲ್ಲಾಪುರದ ನಾಟಾ ಡಿಪೋದಲ್ಲಿ ಕಾರಕೂನ. ಹಗಲು ಮರ ಎಣಿಸುತ್ತಾನೆ, ಉಳಿದ ಹೊತ್ತು ಊರನ್ನೆಲ್ಲ ಹೆದರಿಸುತ್ತಾನೆ.

"'ಕಾರ್ಗತ್ತಲು. ನಟ್ಟಡವಿ. ಮೋಟಾರು ಗಕ್ಕನೆ ನಿಂತಿತು. ಚಾಲಕ ಖಾದರನು ಸುರ್ಮಾ ಹಚ್ಚಿದ ಕಣ್ಣುಗಳನ್ನು ಹೊರಳಿಸಿ, ಹಹಹಾ ಎಂದು ಅಟ್ಟಹಾಸದಿಂದ ನಕ್ಕನು.'"

"ನಿಲ್ಲು ಅಜ್ಜಿ. ಯಾಕೆ ನಕ್ಕ?"

"ಯಾಕೆ ಅಂತ ಬರೆದಿಲ್ಲ."

"ಮೋಟಾರು ಕಾಡಲ್ಲಿ ಕೆಟ್ಟು ನಿಂತ್ರೆ ಯಾವ ಡ್ರೈವರ್ ನಗ್ತಾನೆ? ನಾನಾದ್ರೆ ಅಳ್ತೀನಿ." ಬಷೀರ್ ಹಾಗೆ ನಕ್ಕು ನೋಡಿದ. ಮೂರನೇ 'ಹಾ'ಕ್ಕೆ ಕೆಮ್ಮು ಬಂತು. "ಸುರ್ಮಾ ನಮ್ಮ ಖುರ್ಷಿದಾ ಹಚ್ಚಿ ಕಳಿಸ್ತಾಳೆ, ಧೂಳಿಗೆ ಕಣ್ಣು ಉರೀಬಾರದು ಅಂತ. ಖಾದರನಿಗೆ ಹಚ್ಚೋರು ಯಾರು?"

"ಅವನಿಗೆ ಹೆಂಡತಿ ಇಲ್ಲ. ಕಂತು ಎರಡಾಯ್ತು, ಒಂದು ಲೋಟ ಚಾ ಸಹ ಕುಡಿದಿಲ್ಲ."

"ಪಾಪ," ಅಂದ ಬಷೀರ್.

ಆ ಕಂತಿನಲ್ಲಿ ಖಾದರನು ಒಬ್ಬ ಹುಡುಗಿಯನ್ನು ಮೋಟಾರಿನಿಂದ ಇಳಿಸಿ ಒಪ್ಪಿಸಿದ್ದು ಕರಾಳಿ ಎಂಬ ಮುದುಕಿಗೆ. ಶಾಂತಾರಾಮನ ಯಾವ ಕತೆ ತೆಗೆದರೂ ಇವರಿಬ್ಬರು ಇದ್ದೇ ಇರುತ್ತಾರೆ. ಹೆಸರು ಬೇರೆ ಇರುತ್ತದೆ, ಆಸಾಮಿ ಅದೇ. ಮುದುಕಿ ಕಪ್ಪಗಿರುತ್ತಾಳೆ, ಕೆಳಗಿನ ಕೇರಿಯವಳು, ಸೊಂಟದಲ್ಲಿ ಸಣ್ಣ ಕತ್ತಿ, ಬಾಯಿ ಕೆಂಪು, ಕೈಯಲ್ಲಿ ಬಾಯಿ ಕಟ್ಟಿದ ಮಡಕೆ. ಯಾರದೋ ಮನೆಯ ಹಿತ್ತಲಿನಲ್ಲಿ ಮಡಕೆ ಹೂತು, ಮೇಲೆ ಕಲ್ಲಿಟ್ಟು, ಮೂರು ಸಲ ಉಗುಳುತ್ತಾಳೆ.

ನಾನು ಸೂಲಗಿತ್ತಿ. ನನ್ನ ಹೆಸರು ದುರ್ಗಿ. ಹೆರಿಗೆಯಾದ ಮೇಲೆ ಮಗುವಿನ ಹಿಂದೆಯೇ ಬೀಳುವ ಮಾಸನ್ನು ಮಡಕೆಯಲ್ಲಿ ಹಾಕಿ, ಉಪ್ಪು ಅರಿಶಿನ ಇಟ್ಟು, ಬಾಯಿ ಕಟ್ಟಿ, ಬಚ್ಚಲ ಹಿಂದೆ ಹೂಳುವುದು ನಮ್ಮ ಕೆಲಸ. ನಾಯಿ ನರಿ ಕೆದರಬಾರದೆಂದು ಕಲ್ಲು ಇಡುತ್ತೇವೆ. ದೃಷ್ಟಿ ತಾಗಬಾರದೆಂದು ಉಗುಳುತ್ತೇವೆ. ಕತ್ತಿ ಹೊಕ್ಕುಳ ಬಳ್ಳಿಗೆ. ಬಾಯಿ ಕೆಂಪಾಗುವುದು ಎಲೆ ಅಡಿಕೆಗೆ.

ಇದನ್ನೆಲ್ಲ ನಾನು ಪತ್ರಿಕೆಯಲ್ಲಿ ಓದಿ ತಿಳಿಯುವ ಕಾಲ ಬರುತ್ತದೆ ಅಂತ ಯಾರು ಅಂದುಕೊಂಡಿದ್ದರು? ಅರವತ್ತು ದಾಟಿದ ಮೇಲೆ ಮಂಜಪ್ಪ ಮಾಸ್ತರರ ರಾತ್ರಿ ಶಾಲೆಗೆ ಸೇರಿದೆ. ಎರಡು ವರ್ಷ ಲಾಟೀನಿನ ಬೆಳಕಿನಲ್ಲಿ ಅಕ್ಷರ ತಿದ್ದಿದೆ. ಪಾಠದ ಪುಸ್ತಕ ಮುಗಿದ ದಿನ ಮಾಸ್ತರರು, "ಓದುವ ರುಚಿ ಹತ್ತಬೇಕು," ಅಂತ ಶಾಂತಾರಾಮನ ಒಂದು ಕತೆ ಓದಿದರು. ಮುದುಕಿ ಮಡಕೆ ಹಿಡಿದು ಬಂದಳೋ ಇಲ್ಲವೋ, ಇಡೀ ವರ್ಗ ತಿರುಗಿ ನನ್ನನ್ನು ನೋಡಿತು. ನನಗೆ ನಗು. ನಕ್ಕಷ್ಟೂ ಅವರು ದೂರ ಸರಿದರು.

ನಗು ನಿಂತದ್ದು ಒಂದು ಸಾಲಿಗೆ. 'ಕಲ್ಲಿಟ್ಟು ಮುಗಿಸಿದ ಮುದುಕಿ ಹಿಂದಿರುಗಿ, ಕಟ್ಟಿಗೆಯ ಮರೆಯಲ್ಲಿದ್ದ ಬಾಲಕನನ್ನು ಕಂಡು, ರಕ್ತ ಮೆತ್ತಿದ ಬಾಯಿ ತೆರೆದು ನಕ್ಕಳು.'

ಅದು ನಡೆದದ್ದೇ. ಇಪ್ಪತ್ತು ವರ್ಷದ ಹಿಂದೆ ಶಾಂತಾರಾಮನ ತಂಗಿ ಪರಿಮಳಾ ಹುಟ್ಟಿದ ದಿನ. ಅವನಿಗಾಗ ಐದು ವರ್ಷ. ಒಳಗೆ ತಾಯಿ ಕೂಗಿದ್ದು ಕೇಳಿ ಹೆದರಿ, ಹಿತ್ತಲಿನ ಕಟ್ಟಿಗೆ ಒಟ್ಟಿಲ ಹಿಂದೆ ಅಡಗಿ ಕೂತಿದ್ದ. ಮಡಕೆ ಹೂತು ತಿರುಗಿದರೆ ಎರಡು ಕಣ್ಣು ಕಂಡವು. ಮಗು ಹೆದರಿದೆ, ಸಮಾಧಾನ ಆಗಲಿ ಅಂತ ನಾನು ನಕ್ಕೆ. ಬಾಯಿತುಂಬ ಎಲೆ ಅಡಿಕೆ ಇತ್ತು.

ಆಗಲೇ ಅವನಿಗೆ ಕಾಗದ ಬರೆಯಬೇಕೆನ್ನಿಸಿತು. ಕಳೆದ ದೀಪಾವಳಿಗೆ ಬರೆದೂ ಬರೆದೆ. ಲಕೋಟೆಯಲ್ಲಿ ಹಾಕಿ ಕನ್ನಡಿಯ ಹಿಂದೆ ಸಿಕ್ಕಿಸಿದೆ. ಬಷೀರ್ ಪ್ರತಿ ತಿಂಗಳೂ, "ಕೊಡು ಅಜ್ಜಿ, ಯಲ್ಲಾಪುರದಲ್ಲಿ ಕೈಗೇ ಕೊಡ್ತೀನಿ," ಅನ್ನುತ್ತಿದ್ದ. ನಾನು, "ಬರುವ ತಿಂಗಳು ನೋಡ್ವ," ಅನ್ನುತ್ತಿದ್ದೆ. ಶಾಂತಾರಾಮ ಹೆದರುಪುಕ್ಕ ಮಗು. ಗುಡುಗಿದರೆ ಅಮ್ಮನ ಸೆರಗಿನೊಳಗೆ ಹೋಗುತ್ತಿದ್ದ. ಬರೆದೂ ಬರೆದೂ ಆ ಹೆದರಿಕೆಯನ್ನು ಹೊರಗೆ ಹಾಕಿಕೊಂಡಿದ್ದಾನೆ. ಮಡಕೆಯಲ್ಲಿದ್ದದ್ದು ನಿನ್ನ ತಂಗಿಯ ಮಾಸು ಕಣೋ ಅಂತ ಹೇಳಿದರೆ ನಾಚಿಕೊಂಡು ಬರೆಯುವುದನ್ನೇ ಬಿಟ್ಟರೆ? ನನಗೂ ಕತೆ ಬೇಕಲ್ಲ. ನಿಜ ಹೇಳುತ್ತೇನೆ, ಕರಾಳಿ ಮುಂದೆ ಏನು ಮಾಡುತ್ತಾಳೆ ಅಂತ ನಾನೂ ತಿಂಗಳಿಡೀ ಕಾಯುತ್ತೇನೆ.

ಕಂತು ಮುಗಿಯಿತು. ಬಷೀರ್ ಮಾತ್ರ ಏಳಲಿಲ್ಲ.

"ಅಜ್ಜಿ, ನಾಳೆ ಬೆಳಿಗ್ಗೆ ಮೋಟಾರಿಗೆ ಪರಿಮಳಾ ಬಾಯಿಯವರು ಬರ್ತಾರಂತೆ. ಯಲ್ಲಾಪುರದ ಮೇಲಿಂದ ಹುಬ್ಬಳ್ಳಿ ದವಾಖಾನೆಗೆ. ಅಣ್ಣ ಕಾಗದ ಹಾಕಿದ್ದಾರಂತೆ, ಹೆರಿಗೆ ಅಲ್ಲೇ ಆಗಲಿ ಅಂತ." ಪತ್ರಿಕೆಯನ್ನು ಸುರುಳಿ ಸುತ್ತಿದ, ಬಿಚ್ಚಿದ. "ಜಾಗ ಕೇಳೋಕೆ ಬಂದಿದ್ದ ಆಳು ಇನ್ನೊಂದು ಮಾತು ಕೇಳ್ದ. ಬೇರೆ ಡ್ರೈವರ್ ಇಲ್ವಾ ಅಂತ."

ಪರಿಮಳಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದು ತಿಂಗಳಾಗಿತ್ತು. ನನ್ನನ್ನು ಕರೆದಿರಲಿಲ್ಲ. ನಿನ್ನೆ ಪೇಟೆಯಲ್ಲಿ ದೂರದಿಂದ ಕಂಡಿದ್ದೆ. ಹೊಟ್ಟೆ ಪೂರ್ತಿ ಇಳಿದಿತ್ತು. ನಾಲ್ಕು ಹೆಜ್ಜೆಗೊಮ್ಮೆ ಗೋಡೆ ಹಿಡಿದು, ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದಳು. ನಲವತ್ತು ವರ್ಷ ಇದನ್ನೇ ನೋಡಿದ ಕಣ್ಣು ನನ್ನದು. ಅವಳು ಹುಬ್ಬಳ್ಳಿ ಮುಟ್ಟುವುದಿಲ್ಲ. ಬೇಡ್ತಿ ಹೊಳೆಯ ಇಳಿಜಾರಿನಲ್ಲಿ, ಆ ಕುಲುಕಾಟದಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದ ಕಡೆ ನೋವು ಬರುತ್ತದೆ.

"ಬಷೀರಾ, ಬುಟ್ಟಿ ಒಳಗಿಡು," ಅಂದವಳೇ ಎದ್ದು ನಡೆದೆ.

ಪೇಟೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಹಿತ್ತಲ ಬಾಗಿಲಿಗೆ ಹೋಗಿ, "ಅಮ್ಮಾ," ಅಂತ ಕೂಗಿ ಕೈ ಮೇಲೆತ್ತಿ ಚಿಲಕ ಬಡಿದೆ. ಬಾಗಿಲು ತೆರೆದವಳು ಪರಿಮಳಾ. ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈ ನೋಡಿದಳು.

ಅವಳು ಕಿರುಚಿದ್ದಕ್ಕೆ ಪಕ್ಕದ ಮನೆಯ ದನ ಹಗ್ಗ ಕಿತ್ತಿತು.

ಭಾಗೀರಥಮ್ಮ, ಶಾಂತಾರಾಮನ ತಾಯಿ, ಸೌಟು ಹಿಡಿದೇ ಓಡಿ ಬಂದರು. "ಎಂತಾತೇ? ಎಂತಾತೇ ಕೂಸೇ?"

"ರಕ್ತ! ಆಯಿ, ಅವಳ ಕೈ ನೋಡು!"

ಆಗ ನನಗೂ ನನ್ನ ಕೈ ಕಂಡಿತು. ಮೊಣಕೈವರೆಗೆ ಇನ್ನೂ ಕೆಂಪು ರಸ ಮೆತ್ತಿತ್ತು. ಅವಸರದಲ್ಲಿ ತೊಳೆಯುವುದನ್ನೇ ಮರೆತಿದ್ದೆ. ಸೆರಗಿಗೆ ಒರೆಸಲು ಹೋದೆ, ಸೆರಗೂ ಕೆಂಪಾಯಿತು. ಭಾಗೀರಥಮ್ಮ ನನ್ನ ಕೈಯನ್ನು ಮೂಗಿನ ಹತ್ತಿರ ತಂದು ಮೂಸಿದರು.

"ಮುರುಗಲ ಹಣ್ಣು ಮಾರಾಯ್ತಿ! ನಿನ್ನ ಅಣ್ಣನ ಕತೆ ಓದಿ ಓದಿ ನಿಂಗೆ ತಲೆ ಕೆಟ್ಟಿದ್ದು."

ಪರಿಮಳಾ ಬಾಗಿಲ ಮರೆಯಿಂದ ಒಂದು ಕಣ್ಣು ಹೊರಗೆ ಹಾಕಿದಳು. ಇಪ್ಪತ್ತು ವರ್ಷದ ಹಿಂದೆ ಕಟ್ಟಿಗೆ ಒಟ್ಟಿಲ ಹಿಂದೆ ಕಂಡ ಅದೇ ಕಣ್ಣು.

"ಆನೇನು ಹೆದರಲಿಲ್ಲೆ," ಅಂದಳು.

"ಇಲ್ಲ ಇಲ್ಲ. ಹೆದರಿದ್ದು ಪಕ್ಕದ ಮನೆ ದನ," ಅಂದೆ.

ಅವಳಿಗೆ ನಗು ಬಂತು. ನಗುತ್ತಲೇ ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದು, ಉಸಿರು ಬಿಗಿಹಿಡಿದು ನಿಂತಳು. ನಾನು ಮನಸ್ಸಿನಲ್ಲೇ ಎಣಿಸಿದೆ. ಅರವತ್ತಕ್ಕೆ ಉಸಿರು ಬಿಟ್ಟಳು.

"ಇದು ಯಾವಾಗಿಂದ ಮಗಾ?"

"ಬೆಳಿಗ್ಗೆಯಿಂದ. ಸೊಂಟ ನೋವು ಅಷ್ಟೇ."

"ಅದು ಸೊಂಟ ನೋವಲ್ಲ. ಅಮ್ಮಾ, ನಾಳೆ ಇವಳನ್ನ ಮೋಟಾರು ಹತ್ತಿಸಬೇಡಿ. ದಾರಿಯಲ್ಲೇ ಆಗ್ತದೆ."

ಭಾಗೀರಥಮ್ಮ ಸೌಟು ಕೆಳಗಿಟ್ಟರು. "ಆನೆಂತ ಮಾಡ್ಲಿ ದುರ್ಗಿ? ಶಾಂತೂ ಹುಬ್ಬಳ್ಳಿಗೇ ಕಳ್ಸು ಹೇಳಿ ಬರದ್ದ. ಇವಳೂ ನೀನು ಬೇಡ ಹೇಳ್ತು."

"ನಾನು ಬೇಡ ಅಂದ್ರೆ ಎಕ್ಕಂಬಿಯಿಂದ ದ್ಯಾವಮ್ಮನ್ನ ಕರೆಸಿ. ಅವಳ ಕೈಯೂ ಒಳ್ಳೇದೇ. ಮೋಟಾರು ಮಾತ್ರ ಬೇಡ."

ಪರಿಮಳಾ ನನ್ನನ್ನೇ ನೋಡುತ್ತಿದ್ದಳು. "ದುರ್ಗಜ್ಜಿ, ಒಂದು ಕೇಳಲಾ? ಆ ಮಡಕೆಯಲ್ಲಿ ಏನಿರ್ತು?"

ಬಚ್ಚಲ ಹಿಂದೆ ಕರೆದುಕೊಂಡು ಹೋದೆ. ಆ ಚಪ್ಪಟೆ ಕಲ್ಲು ಅಲ್ಲೇ ಇತ್ತು. ಬಟ್ಟೆ ಒಗೆಯಲು ಬಳಸಿ ಬಳಸಿ ನುಣುಪಾಗಿತ್ತು. "ಇದರ ಕೆಳಗೆ ಇರೋದು ನಿನ್ನದೇ. ಒಂಬತ್ತು ತಿಂಗಳು ಹೊಟ್ಟೆಯೊಳಗೆ ನಿನಗೆ ಅನ್ನ ಹಾಕಿದ್ದು. ಸುಮ್ಮನೆ ಎಸೀತಾರಾ? ಮರ್ಯಾದೆಯಿಂದ ಮಣ್ಣಿಗೆ ಕೊಡಬೇಕು." ಕಟ್ಟಿಗೆ ಒಟ್ಟಿಲಿನ ಕಡೆ ತೋರಿಸಿದೆ. "ನಿನ್ನ ಅಣ್ಣ ಅಲ್ಲಿ ಕೂತಿದ್ದ. ನಾನು ಅವನನ್ನ ನೋಡಿ ನಕ್ಕೆ."

ಅವಳು ಕಲ್ಲನ್ನು ನೋಡಿದಳು, ಒಟ್ಟಿಲನ್ನು ನೋಡಿದಳು. "ಅಯ್ಯೋ ಅಣ್ಣಾ," ಅಂದಳು. ನಗು ಬಂದು ಆ ಕಲ್ಲಿನ ಮೇಲೇ ಕೂತುಬಿಟ್ಟಳು. "ಹದಿಮೂರು ಕತೆ! ನನ್ನ ಮಾಸಿನ ಮೇಲೆ ಹದಿಮೂರು ಕತೆ ಬರೆದ್ದ!"

ಆಮೇಲೆ ಮೆಲ್ಲಗೆ, "ದ್ಯಾವಮ್ಮ ಬೇಡ. ಹೋಗಿ ಕೈ ತೊಳಕಂಡು ಬಾ. ಬರುವಾಗ ಎರಡು ಮುರುಗಲ ಹಣ್ಣು ತಾ, ಹುಳಿ ತಿನ್ನಬೇಕು ಹೇಳಿ ಆಗ್ತು."

ಎರಡಲ್ಲ, ಮಡಿಲು ತುಂಬ ತಂದೆ. ಮರುದಿನ ಹೊತ್ತು ಏರುವ ಮೊದಲೇ ಹೆಣ್ಣು ಮಗು ಹುಟ್ಟಿತು. ಕೊರಳಿಗೆ ಬಳ್ಳಿ ಒಂದು ಸುತ್ತು ಸುತ್ತಿತ್ತು. ಬಿಡಿಸಿದೆ, ಬೆನ್ನು ತಟ್ಟಿದೆ. ಇನ್ನೊಮ್ಮೆ ತಟ್ಟಿದೆ. ಆಮೇಲೆ ಅಮ್ಮನಂತೆಯೇ ಕಿರುಚಿತು. ಇದೇ ಮೋಟಾರಿನಲ್ಲಿ ಆಗಿದ್ದರೆ ಎಂಬ ಮಾತು ಭಾಗೀರಥಮ್ಮನ ಬಾಯಿಗೆ ಬಂತು, ಅವರು ನುಂಗಿಕೊಂಡರು.

ನಾನು ಮಡಕೆ ಹಿಡಿದು ಹಿತ್ತಲಿಗೆ ಹೋದಾಗ ಪರಿಮಳಾ ಕಿಟಕಿ ತೆರೆಸಿ ನೋಡಿದಳು. "ದುರ್ಗಜ್ಜೀ, ಉಗುಳಲಿಕ್ಕೆ ಮರೆತೆ!" ಅಂತ ಕೂಗಿದಳು. ಉಗುಳಿದೆ.

ಮನೆಗೆ ಬಂದು ಕನ್ನಡಿಯ ಹಿಂದಿನ ಲಕೋಟೆ ಒಡೆದೆ. ಹಳೆಯ ಕಾಗದ ಓದಿದರೆ ಅದರಲ್ಲಿ ಮುನಿಸು ಜಾಸ್ತಿ ಇತ್ತು. ಆ ಹಾಳೆ ಒಲೆಗೆ ಹಾಕಿ ಬೇರೆ ಬರೆದೆ. ನಾಲ್ಕು ಸಾಲಿಗೆ ಬೆರಳು ನೋಯುತ್ತದೆ, ನಿಲ್ಲಿಸಿ ನಿಲ್ಲಿಸಿ ಬರೆದೆ.

'ಶಾಂತೂ, ನಿನಗೆ ಸೋದರ ಸೊಸೆ ಹುಟ್ಟಿದ್ದಾಳೆ. ತಾಯಿ ಮಗು ಚೆನ್ನಾಗಿದ್ದಾರೆ. ಹಿಡಿದವಳು ನಾನು. ಮಡಕೆಯಲ್ಲಿ ಏನಿತ್ತು ಅಂತ ನಿನ್ನ ತಂಗಿ ಬರೆಯುತ್ತಾಳೆ, ನಗಬೇಡ ಅಂದರೂ ನಗುತ್ತಾಳೆ, ಬೇಜಾರು ಮಾಡಿಕೊಳ್ಳಬೇಡ. ಅವತ್ತು ನಾನು ನಕ್ಕದ್ದು ನಿನ್ನನ್ನು ಹೆದರಿಸಲಿಕ್ಕಲ್ಲ. ಎಲೆ ಅಡಿಕೆ ಉಗುಳಿ ನಗಬೇಕಿತ್ತು, ಅದು ನನ್ನ ತಪ್ಪು.

'ಬರೆಯುವುದನ್ನು ಬಿಡಬೇಡ. ಹೆದರಿಸುವುದನ್ನೂ ಬಿಡಬೇಡ, ನಮಗೆ ಅದು ಇಷ್ಟ. ಕೆಟ್ಟವರು ಇಲ್ಲ ಅಂತ ನಾನು ಹೇಳುವುದಿಲ್ಲ. ಮನೆ ಮನೆಯ ಒಳಕೋಣೆ ಕಂಡವಳು ನಾನು. ಬಸುರಿ ಹೆಂಡತಿಗೆ ಹೊಡೆದವನೂ ಮಗು ಅತ್ತ ಕೂಡಲೇ ಹೊರಗೆ ಕೂತು ಅತ್ತದ್ದು ನೋಡಿದ್ದೇನೆ. ಮರುವರ್ಷ ಮತ್ತೆ ಹೊಡೆದ. ಆದರೂ ಅವತ್ತು ಅತ್ತದ್ದು ಸುಳ್ಳಲ್ಲ. ನಿನ್ನ ಕರಾಳಿ ಮಾತ್ರ ಹದಿಮೂರು ಕತೆಯಲ್ಲಿ ಒಂದು ಸಲ ಅಳಲಿಲ್ಲ, ಉಣ್ಣಲಿಲ್ಲ, ಮೊಣಕಾಲು ನೋವು ಅನ್ನಲಿಲ್ಲ. ಅವಳಿಗೊಂದು ಹೊತ್ತು ಗಂಜಿ ಹಾಕು. ಆಮೇಲೆ ಬೇಕಾದ್ದು ಮಾಡಿಸು. ನಮ್ಮ ಕೇರಿಯಲ್ಲೇ ಹುಟ್ಟಿಸಬೇಕು ಅಂತೇನೂ ಇಲ್ಲ, ಕೆಟ್ಟವರು ಎಲ್ಲ ಕೇರಿಯಲ್ಲೂ ಸಿಗುತ್ತಾರೆ. ಡ್ರೈವರನ ವಿಷಯ ಬಷೀರನ ಮಾತು ಕೆಳಗಿದೆ.'

ಮೂರನೇ ದಿನ ಬೆಳಿಗ್ಗೆ ಮೋಟಾರು ಹೊರಡುವ ಹೊತ್ತಿಗೆ ಹೋದೆ. ಬಷೀರ್ ರೇಡಿಯೇಟರಿಗೆ ನೀರು ಹೊಯ್ಯುತ್ತಿದ್ದ.

"ಬೇಗ ಹೇಳು, ನಿನ್ನದೇನು ಬರೀಬೇಕು?" ಅಂತ ಸೀಸದ ಕಡ್ಡಿ ತೆಗೆದೆ.

ಅವನು ಬಹಳ ಯೋಚಿಸಿದ. "ಖಾದರನಿಗೆ ಮದುವೆ ಮಾಡಿಸಿ, ಅಂತ ಬರಿ. ಮೋಟಾರು ಕೆಟ್ಟಾಗ ನಗಿಸಬೇಡಿ, ಅಂತ ಬರಿ. ಅಷ್ಟೇ ಸಾಕು. ಅಲ್ಲ ತಡಿ, ಈ ಕಾಗದ ತಂದುಕೊಟ್ಟವನು ನಾನೇ, ಅಂತಲೂ ಬರಿ."

ಬರೆದೆ. ಲಕೋಟೆಗೆ ಗಂಜಿ ಹಚ್ಚಿ ಅಂಟಿಸಿ ಅವನ ಕೈಯಲ್ಲಿಟ್ಟೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ, ಮತ್ತೆ ವಾಪಸು ಕೇಳುತ್ತೇನೋ ಅಂತ. ಕೇಳಲಿಲ್ಲ. ಟಪಾಲು ಚೀಲಕ್ಕೆ ಹಾಕದೆ ಟೋಪಿಯೊಳಗೆ ಇಟ್ಟುಕೊಂಡ.

ಮೋಟಾರು ಹೊರಟಿತು. ತಿರುವಿನಲ್ಲಿ ಬಷೀರ್ ಕಿಟಕಿಯಿಂದ ತಲೆ ಹೊರಹಾಕಿ, ಸುರ್ಮಾ ಕಣ್ಣು ಹೊರಳಿಸಿ, ಇಡೀ ಪೇಟೆಗೆ ಕೇಳುವಂತೆ "ಹಹಹಾ" ಅಂದ. ಈ ಸಲ ಕೆಮ್ಮು ಬರಲಿಲ್ಲ. ಹಿಂದೆ ಕೂತಿದ್ದ ಪ್ರಯಾಣಿಕರು ಗಟ್ಟಿಯಾಗಿ ಸೀಟು ಹಿಡಿದುಕೊಂಡರು. ಕಾಗದ ಹೋಯಿತು.