ನಿಂತ ಮೋಟಾರಿನ ನಡುಕ

ಗುರುದೇವಿ ಕುರ್ಚಿಯಿಂದ ಅರ್ಧ ಎದ್ದಳು. ಎರಡನೇ ಮೋಟಾರನ್ನು ಈಗಷ್ಟೇ ಅವಳೇ ನಿಲ್ಲಿಸಿದ್ದಳು. ಆದರೂ ಕಂಪ್ಯೂಟರಿನ ಪರದೆಯಲ್ಲಿ ಅದರ ಬೇರಿಂಗಿನ ನಡುಕ ಏರುತ್ತಲೇ ಇತ್ತು. ನಿಂತ ಮೋಟಾರು ನಡುಗುವುದುಂಟೇ?

ಶಂಶಾಬಾದ್ ಆಚೆಯ ಆ ಪಂಪ್‌ಹೌಸಿನಲ್ಲಿ ಆನೆಗಾತ್ರದ ನಾಲ್ಕು ಮೋಟಾರುಗಳು. ದಿಲ್‌ಸುಖ್‌ನಗರದ ಕಡೆಯ ನಲ್ಲಿಗಳಲ್ಲಿ ನೀರು ಬರುವುದು ಇವುಗಳ ಪುಣ್ಯದಿಂದ. ಪ್ರತಿ ಬೇರಿಂಗಿಗೂ ಅಯಸ್ಕಾಂತದಿಂದ ಕಚ್ಚಿಕೊಂಡ ಒಂದೊಂದು ಸೆನ್ಸರ್. ಬೇರಿಂಗ್ ಸವೆದು ನಡುಗಿದರೆ ಮೇಲಿನ ಕೋಣೆಯಲ್ಲಿ ಕೂತ ಗುರುದೇವಿಗೆ ತಿಳಿಯಬೇಕು. ತಿಳಿಯಿತು, ನಿಲ್ಲಿಸಿದಳು. ಬಿಚ್ಚಿ ನೋಡಲು ಫಿಟ್ಟರ್ ಚನ್ನು ಕೆಳಗಿಳಿದ. ಚನ್ನು ಅವಳ ಗಂಡ; ಅವನಲ್ಲದೆ ಕೆಳಗಿದ್ದವನು ಕಸ ಹೊಡೆಯುವ ಬಸು ಒಬ್ಬನೇ.

ಅವಳು ಇನ್‌ಚಾರ್ಜ್ ಉಪೇಂದ್ರನಿಗೆ ಫೋನ್ ಮಾಡಿದಳು.

"ಸರ್, ಎರಡನೇದು ನಿಂತೈತ್ರಿ. ಆದ್ರೂ ನಡುಕ ತೋರಸಾಕತ್ತೈತಿ."

"ಸೆನ್ಸರ್ ಕೆಟ್ಟಿರಬೇಕವ್ವ, ಅದಕ್ಯಾಕ ಅಂಜ್ತಿ? ಬ್ಯಾರೇ ಯಾವುದನ್ನೂ ನಿಲ್ಲಿಸಬ್ಯಾಡ. ನೀರು ನಿಂತ್ರ ಮ್ಯಾಲಿನವರು ನನ್ನ ಜೀವಾ ತಿಂತಾರ."

ಪುಣ್ಯಾತ್ಮ ಫೋನ್ ಇಟ್ಟೇಬಿಟ್ಟ. ಗುರುದೇವಿ ಗಾಜಿನಾಚೆ ಬಗ್ಗಿ ನೋಡಿದಳು. ಚನ್ನು ಎರಡನೇ ಮೋಟಾರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬೋಲ್ಟ್ ಸಡಿಲಿಸುತ್ತಿದ್ದ. ಅವನ ಬೆನ್ನ ಹಿಂದೆಯೇ ಒಂದನೇ ಮೋಟಾರು ಭರ್ರೆಂದು ಓಡುತ್ತಿತ್ತು. ಎರಡಕ್ಕೂ ಆಯುಧಪೂಜೆಗೆಂದು ಬಳಿದ ಹೊಸ ಬಣ್ಣ, ಒಣಗಿದ ಚೆಂಡುಹೂವಿನ ಮಾಲೆ.

ಆ ಬಣ್ಣ ನೋಡಿದ್ದೇ ಅವಳಿಗೆ ನೆನಪಾಯಿತು. ಪೂಜೆಗೆ ಮುಂಚೆ ಸೆನ್ಸರುಗಳನ್ನೆಲ್ಲ ಕಿತ್ತು, ಮೋಟಾರು ತೊಳೆದು, ಬಣ್ಣ ಬಳಿದು ಮತ್ತೆ ಕೂರಿಸಿದ್ದರು. ಆಗ ಅದಲುಬದಲಾಗಿದ್ದರೆ? ತಿರುಗಿ ಪರದೆ ನೋಡಿದಳು. ಅಷ್ಟು ಅಬ್ಬರದಿಂದ ಓಡುತ್ತಿದ್ದ ಒಂದನೆಯದರ ಗೆರೆ ಅಲ್ಲಿ ಸತ್ತಂತೆ ಮಲಗಿತ್ತು. ಹಾಗಾದರೆ ಸಿಡಿಯಲು ಹೊಂಚುತ್ತಿರುವುದು ಚನ್ನುವಿನ ಬೆನ್ನ ಹಿಂದಿನದು!

ಅವನಿಗೆ ಫೋನ್ ಮಾಡಿದಳು. ಆ ಗದ್ದಲದಲ್ಲಿ ಕೇಳಬೇಕಲ್ಲ! "ಏ, ಸರೀರಿ! ಎದ್ದು ಬರ್ರಿ!" ಎಂದು ಗಾಜು ಬಡಿದಳು. ಅವನು ತಲೆ ಎತ್ತಲಿಲ್ಲ. ಒಂದನೆಯದನ್ನು ನಿಲ್ಲಿಸುವ ಬಟನ್ ಮೇಲೆ ಬೆರಳಿಟ್ಟಳು. ತನ್ನ ಊಹೆ ಸುಳ್ಳಾದರೆ ಇಬ್ಬರ ನೌಕರಿಗೂ ಕುತ್ತು. ಯಪ್ಪಾ ಶರಣಬಸಪ್ಪ ಎಂದು ಒತ್ತಿಯೇಬಿಟ್ಟಳು.

ಅಂಥ ಮೋಟಾರು ಒತ್ತಿದ ಕೂಡಲೇ ನಿಲ್ಲುವುದಿಲ್ಲ. ಕರಕರ ಸದ್ದು ಮಾಡುತ್ತ ಇನ್ನೂ ತಿರುಗಿತು. ಬೇರಿಂಗಿನಿಂದ ಹೊಗೆ ಎದ್ದಿತು. ಚನ್ನು ಹೌಹಾರಿ ಪಕ್ಕಕ್ಕೆ ಹಾರಿದ. ಮುಂದೆ ನೋಡಲು ಧೈರ್ಯ ಸಾಲದೆ ಅವಳು ಕಣ್ಣು ಮುಚ್ಚಿಕೊಂಡಳು.

ಕಣ್ಣು ಬಿಟ್ಟಾಗ ಅವನು ಬಾಗಿಲಲ್ಲಿದ್ದ.

"ಒಂದನೇದರ ಬೇರಿಂಗ್ ಸುಟ್ಟು ಕರ್ರಗಾಗೈತಿ, ಗುರು. ಇನ್ನೊಂದೀಟು ಓಡಿದ್ರ ಸಿಡೀತಿತ್ತು."

"ಪೂಜಿಗೆ ಸೆನ್ಸರ್ ಕಿತ್ತು ಕೂಡ್ಸಿದವರು ಯಾರ್ರೀ?"

ಚನ್ನು ನೆಲ ನೋಡಿದ. "ನಾನ. ಕುಂಕುಮ ಹಚ್ಚಿ ಭಾಳ ಭಕ್ತೀಲೆ ಕೂಡ್ಸಿದ್ನಿ."

"ಮೂರು, ನಾಕು?"

"ಅವೂ ನಾನ." ಅವನು ತಟ್ಟನೆ ಬಾಗಿಲತ್ತ ತಿರುಗಿದ. "ಅವೆರಡರ ನಡುವ ಬಸು ಕಸಾ ಹೊಡ್ಯಾಕತ್ತಾನ. ಕರ್ಕೊಂಡು ಬರ್ತೀನಿ."

ಗುರುದೇವಿ ಅವನ ಅಂಗಿ ಹಿಡಿದೆಳೆದಳು. ಎರಡು ಮೋಟಾರು ನಿಂತು, ಹೊರೆಯೆಲ್ಲ ಉಳಿದೆರಡರ ಮೇಲೆ ಬಿದ್ದಿತ್ತು. ಪರದೆಯಲ್ಲಿ ನಾಲ್ಕನೆಯದರ ಗೆರೆ ಮೆಲ್ಲಗೆ ತಲೆ ಎತ್ತುತ್ತಿತ್ತು. ಅದು ನಾಲ್ಕನೆಯದೋ ಮೂರನೆಯದೋ ಆ ದೇವರಿಗೇ ಗೊತ್ತು.

ಉಪೇಂದ್ರನ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಈ ಸಲ ಅವಳು ಯಾರನ್ನೂ ಕೇಳಲಿಲ್ಲ, ಎರಡೂ ಬಟನ್ ಒತ್ತಿದಳು. ಸದ್ದೆಲ್ಲ ಅಡಗಿ, ಕೆಳಗಿನಿಂದ ಬಸು "ಏನಾತ್ರೀ?" ಎಂದು ಕೂಗುವವರೆಗೂ ಗಂಡನ ಅಂಗಿ ಬಿಡಲಿಲ್ಲ.